ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಮೊದಲ ವರ್ಷ ನಿಜವಾಗಿ ಹೇಗಿರುತ್ತದೆ? ಸೀಟು ಸಿಕ್ಕಿದೆ, ಭಯವೂ ಇದೆ

ಹಾವೇರಿ_ಹೊಸಬಳು

ಎಲ್ಲರಿಗೂ ನಮಸ್ಕಾರ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಆರ್ಕ್ ಸೀಟು ಸಿಕ್ಕಿದೆ. ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ನಾಟಾದ ಅಂಕ ಅಷ್ಟಕ್ಕಷ್ಟೇ. ಪಿಯುಸಿ ಅಂಕ ಚೆನ್ನಾಗಿತ್ತು. ಎರಡನ್ನೂ ಅರ್ಧರ್ಧ ಹಿಡಿಯುವುದರಿಂದ ಬಚಾವಾದೆ.

ಹತ್ತನೇ ತರಗತಿವರೆಗೆ ನಮ್ಮೂರಿನ ಕನ್ನಡ ಮೀಡಿಯಂ ಶಾಲೆ. ಅಪ್ಪನದು ಕಿರಾಣಿ ಅಂಗಡಿ. ಮನೆಯಲ್ಲಿ ಯಾರಿಗೂ ಈ ಕೋರ್ಸ್ ಏನು ಅಂತ ಗೊತ್ತಿಲ್ಲ. ಸೋದರಮಾವ ಸುದ್ದಿ ಕೇಳಿ, "ಪಾಪ, ಸಿವಿಲ್ ಇಂಜಿನಿಯರಿಂಗ್ ಸಿಗಲಿಲ್ವಾ?" ಅಂದರು. ಏನು ಉತ್ತರ ಕೊಡಬೇಕು ಅಂತ ನನಗೇ ತಿಳಿಯಲಿಲ್ಲ.

ಕೇಳಬೇಕಿರುವುದು ಇಷ್ಟು. ಐದು ವರ್ಷ ರಾತ್ರಿ ನಿದ್ದೆಯೇ ಇರುವುದಿಲ್ಲ ಅಂತಾರೆ, ನಿಜವಾ? ನನಗೆ ಚಿತ್ರ ಬರೆಯುವುದು ಸುಮಾರಾಗಿ ಬರುತ್ತದೆ, ಅಷ್ಟು ಸಾಕಾ? ಅಪ್ಪ ಲ್ಯಾಪ್‌ಟಾಪಿಗೆ ಅಂತ ಒಂದು ಲಕ್ಷ ಹೊಂದಿಸಲು ಓಡಾಡುತ್ತಿದ್ದಾರೆ, ಈಗಲೇ ಬೇಕಾ? ಜ್ಯೂರಿ ಅಂದರೆ ಏನು? ಇಂಗ್ಲಿಷ್‌ನಲ್ಲಿ ನಿಂತು ಮಾತಾಡಬೇಕು ಅಂದರೆ ಕೈಕಾಲು ನಡುಗುತ್ತದೆ.

ಥೀಸಿಸ್_ಬಾಕಿ

ಅಭಿನಂದನೆ ತಂಗಿ. ನಾನು ಹತ್ತನೇ ಸೆಮಿಸ್ಟರ್. ಥೀಸಿಸ್ ಶೀಟ್ ಮಾಡಬೇಕಾದ ಹೊತ್ತಲ್ಲಿ ಇಲ್ಲಿ ಕೂತು ಬರೆಯುತ್ತಿದ್ದೇನೆ. ಈ ಕೋರ್ಸ್ ಕಲಿಸುವ ಮೊದಲ ವಿದ್ಯೆ ಇದೇ ಅಂತಿಟ್ಟುಕೋ.

ಮೊದಲು ಲ್ಯಾಪ್‌ಟಾಪ್ ವಿಷಯ. ಅಪ್ಪನಿಗೆ ಇವತ್ತೇ ಹೇಳು, ಈಗ ಬೇಡ. ನಮ್ಮಲ್ಲಿ ಮೊದಲ ವರ್ಷ ಪೂರ್ತಿ ಕೈಯಲ್ಲೇ ಡ್ರಾಯಿಂಗ್. ಹೆಚ್ಚಿನ ಕಡೆ ಹಾಗೇ. ನಮ್ಮ ಬ್ಯಾಚಿನಲ್ಲಿ ಮೊದಲ ದಿನವೇ ದುಬಾರಿ ಲ್ಯಾಪ್‌ಟಾಪ್ ತಂದವರು ಮೂರನೇ ಸೆಮಿಸ್ಟರ್‌ವರೆಗೆ ಅದರಲ್ಲಿ ಸಿನಿಮಾ ನೋಡಿದರು. ಆಟೋಕ್ಯಾಡ್, ರೆವಿಟ್‌ನಂಥ ಡ್ರಾಯಿಂಗ್ ಸಾಫ್ಟ್‌ವೇರ್ ವಿದ್ಯಾರ್ಥಿಗಳಿಗೆ ಪುಕ್ಕಟೆ ಸಿಗುತ್ತವೆ. ಕಾಲೇಜಿನ ಲ್ಯಾಬ್ ಇರುತ್ತದೆ. ನಿನಗೆ ಬೇಕಾಗುವ ಹೊತ್ತಿಗೆ ಅದೇ ದುಡ್ಡಿಗೆ ಇನ್ನೂ ಒಳ್ಳೆಯ ಮಷಿನ್ ಬಂದಿರುತ್ತದೆ.

ಮೊದಲ ವಾರ ಏನು ಮಾಡಿಸುತ್ತಾರೆ ಗೊತ್ತಾ? ಗೆರೆ. ಬರೀ ಗೆರೆ. ಎ1 ಹಾಳೆ ಅಂದರೆ 841 ಮಿ.ಮೀ. ಉದ್ದ, 594 ಅಗಲ. ಅದರ ತುಂಬ ಅಡ್ಡ ಗೆರೆ, ಉದ್ದ ಗೆರೆ, ಓರೆ ಗೆರೆ. ಮೂರು ಸಲ ವಾಪಸ್ ಕಳಿಸಿದರು ನನ್ನನ್ನು. ಒಂದು ಗೆರೆ ಶುರುವಾದಷ್ಟೇ ದಪ್ಪದಲ್ಲಿ ಮುಗಿಯಬೇಕು. ಹಾಳೆ ಮೇಲೆ ಕೈ ಬೆವರಿನ ಗುರುತು ಬೀಳಬಾರದು. ಆಗ ಸಿಟ್ಟು ಬಂದಿತ್ತು, ಇದಕ್ಕಾ ನಾನು ಫೀಸ್ ಕಟ್ಟಿದ್ದು ಅಂತ. ಆಮೇಲೆ ಪ್ಲಾನ್ ಬರೆಯುವಾಗ ತಿಳಿಯಿತು. ಪ್ಲಾನ್ ಅಂದರೆ ಕಟ್ಟಡವನ್ನು ಅಡ್ಡಲಾಗಿ ಕತ್ತರಿಸಿ ಮೇಲಿಂದ ನೋಡಿದಂತೆ ಬರೆಯುವುದು. ಕತ್ತರಿಸಿದ ಗೋಡೆಗೆ ದಪ್ಪ ಗೆರೆ, ಆಚೆ ಕಾಣುವ ಮೆಟ್ಟಿಲಿಗೆ ತೆಳು ಗೆರೆ. ಎರಡೂ ಒಂದೇ ಆದರೆ ಯಾವುದು ಗೋಡೆ, ಯಾವುದು ಮಂಚ ಅಂತ ಓದುವವನಿಗೆ ಗೊತ್ತಾಗುವುದೇ ಇಲ್ಲ.

ಆಮೇಲೆ ಸ್ಕೇಲ್. ನಮ್ಮ ಬೆಂಗಳೂರಿನ ಜನ ಉಸಿರಾಡುವಷ್ಟು ಸಲೀಸಾಗಿ ಹೇಳುವ ಮೂವತ್ತು-ನಲವತ್ತು ಅಡಿ ಸೈಟು ಇದೆಯಲ್ಲ, ಅದು 1:100ರಲ್ಲಿ, ಅಂದರೆ ಒಂದು ಮೀಟರಿಗೆ ಒಂದು ಸೆಂ.ಮೀ. ಲೆಕ್ಕದಲ್ಲಿ, ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ. ಅಂಗೈಯಷ್ಟು. ಒಂದು ಕುಟುಂಬ ಇಪ್ಪತ್ತು ವರ್ಷ ಸಾಲ ತೀರಿಸುವ ಜಾಗ ಅಂಗೈಯಲ್ಲಿ ಕೂರುತ್ತದೆ. ಮೊದಲ ಸಲ ಬರೆದಾಗ ಸ್ವಲ್ಪ ಹೊತ್ತು ಸುಮ್ನೆ ಅದನ್ನೇ ನೋಡುತ್ತಾ ಕೂತಿದ್ದೆ.

ಮೇಸ್ತ್ರಿ_ಮಗ

ಮಾವನಿಗೆ ಉತ್ತರ ನಾನು ಕೊಡುತ್ತೇನೆ. ಸಿವಿಲ್ ಓದಿದವರು ಕಟ್ಟಡ ನಿಲ್ಲುವಂತೆ ನೋಡಿಕೊಳ್ಳುತ್ತಾರೆ. ನಾವು ಅದರಲ್ಲಿ ಜನ ಹೇಗೆ ಓಡಾಡುತ್ತಾರೆ, ಬೆಳಕು ಎಲ್ಲಿಂದ ಬರುತ್ತದೆ, ಅಡುಗೆಮನೆಯ ಹೊಗೆ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತೇವೆ. ಅದು ನಾಲ್ಕು ವರ್ಷ, ಇದು ಐದು. ಇನ್ನೊಂದು ವಿಷಯ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗದೆ ಯಾರೂ ಆರ್ಕಿಟೆಕ್ಟ್ ಅಂತ ಬೋರ್ಡು ಹಾಕಿಕೊಳ್ಳುವಂತಿಲ್ಲ. ಇಷ್ಟು ಹೇಳಿದರೆ ಮಾವ ಸುಮ್ಮನಾಗುತ್ತಾರೆ. ಆಮೇಲೆ "ನಮ್ಮ ಮನೆ ವಾಸ್ತು ನೋಡಿಕೊಡು" ಅಂತ ಶುರು ಮಾಡುತ್ತಾರೆ. ಅದಕ್ಕೆ ಮದ್ದಿಲ್ಲ.

ನನ್ನಪ್ಪ ಕಲಬುರಗಿ ಕಡೆ ಮೇಸ್ತ್ರಿ. ಶಹಾಬಾದ್ ಕಲ್ಲಿನ ನೆಲ ಹಾಸುವುದರಲ್ಲಿ ಕೈ ಪಳಗಿದವರು. ನಾನು ರಜೆಯಲ್ಲಿ ಸಿಮೆಂಟು ಕಲಸಿದ್ದೇನೆ, ರಸಮಟ್ಟ ಹಿಡಿದಿದ್ದೇನೆ, ತೂಗುಗುಂಡು ಬಿಟ್ಟು ಗೋಡೆ ನೆಟ್ಟಗಿದೆಯಾ ಅಂತ ನೋಡಿದ್ದೇನೆ. ಆದರೂ ಮೊದಲ ಸೆಮಿಸ್ಟರ್‌ನಲ್ಲಿ ಬಾಯಿ ಬಿಟ್ಟಿರಲಿಲ್ಲ. ಕ್ಲಾಸಿನಲ್ಲಿ "ಸ್ಪೇಸ್", "ವಾಲ್ಯೂಮ್", "ಟ್ರಾನ್ಸಿಷನ್" ಅಂತ ಮಾತು. ಇದ್ಯಾವುದೂ ನಮ್ಮನೆ ಮಾತಲ್ಲ ಅಂತ ಮುದುಡಿ ಕೂತಿದ್ದೆ.

ಎರಡನೇ ಸೆಮಿಸ್ಟರ್‌ನ ಕನ್‌ಸ್ಟ್ರಕ್ಷನ್ ಕ್ಲಾಸು. ಇಟ್ಟಿಗೆ ಜೋಡಿಸುವ ಬಗೆಗಳ ಪಾಠ. ಹೊರಗೆ ಅಂಗಳದಲ್ಲಿ ನಿಜವಾದ ಇಟ್ಟಿಗೆ ತಂದು ಸುರಿದಿದ್ದರು. ಇಂಗ್ಲಿಷ್ ಬಾಂಡ್, ಫ್ಲೆಮಿಷ್ ಬಾಂಡ್ ಒಂಬತ್ತಿಂಚಿನ ಗೋಡೆಗೆ ಜೋಡಿಸಿ ಅಂದರು. ಎಲ್ಲರೂ ಪುಸ್ತಕ ತೆರೆದರು. ನಾನು ಮೂಲೆಯಿಂದ ಶುರು ಮಾಡಿದೆ. ಮೂಲೆ ಸರಿಯಾದರೆ ಗೋಡೆ ತಾನಾಗಿ ಸರಿಯಾಗುತ್ತದೆ ಅಂತ ಅಪ್ಪ ಹೇಳುತ್ತಿದ್ದರು. ಅವತ್ತಿನಿಂದ ಕ್ಲಾಸಿನವರು ಡೌಟು ಕೇಳಲು ನನ್ನ ಹತ್ತಿರ ಬರತೊಡಗಿದರು.

ನಿಮ್ಮ ಕಡೆ ಹಳೇ ಮನೆಗಳನ್ನು ಎಂಟು ಅಂಕಣದ ಮನೆ, ಹನ್ನೆರಡು ಅಂಕಣದ ಮನೆ ಅಂತಾರಲ್ಲ? ಕಂಬದಿಂದ ಕಂಬಕ್ಕೆ ಒಂದು ಅಳತೆ, ಆ ಅಳತೆಯಲ್ಲೇ ಇಡೀ ಮನೆ. ಕಾಲೇಜಿನಲ್ಲಿ ಇದನ್ನೇ ಗ್ರಿಡ್ ಅಂತ ಪಾಠ ಮಾಡುತ್ತಾರೆ. ನಿನಗೆ ಗೊತ್ತಿರುವುದಕ್ಕೆ ಅಲ್ಲಿ ಬೇರೆ ಹೆಸರಿದೆ, ಅಷ್ಟೇ.

ನೈಟ್‌ಔಟ್_ವೀರ

ನಿದ್ದೆನಾ? ಹಾಗಂದ್ರೇನು? 😄 ಜ್ಯೂರಿಗೆ ಮುಂಚೆ 52 ಗಂಟೆ ಕಣ್ಣು ಮುಚ್ಚದ ದಾಖಲೆ ನನ್ನದು. ರಾತ್ರಿ ಎರಡಕ್ಕೆ ಗಾಡಿ ಹತ್ತಿರ ನಿಂತು ಚಹಾ, ಮೂರಕ್ಕೆ ಮಾಡೆಲ್, ಐದಕ್ಕೆ ಜಗಳ, ಆರಕ್ಕೆ ರಾಜಿ. ಅದೇ ಆರ್ಕಿಟೆಕ್ಚರ್. ಮಜಾ ಮಾಡು.

ಆರೂಕಾಲರ_ಬಸ್ಸು

ವೀರರೇ, ಆ 52 ಗಂಟೆಯಲ್ಲಿ ಎಷ್ಟು ಗಂಟೆ ಕೆಲಸ ಆಯಿತು ಅಂತಲೂ ಹೇಳಿ.

ನಾನು ದಿನಾ ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಳಗ್ಗೆ ಆರೂಕಾಲಿಗೆ ಬಸ್ಸು. ಸಂಜೆ ಏಳೂವರೆಗೆ ಮನೆ. ಅಮ್ಮನಿಗೆ ಅಡುಗೆಗೂ ಕೈಜೋಡಿಸಬೇಕಿತ್ತು. ರಾತ್ರಿ ಇಡೀ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ಸ್ಟುಡಿಯೋ, ಅಂದರೆ ಕ್ಲಾಸಿನಲ್ಲೇ ಕೂತು ಡಿಸೈನ್ ಮಾಡುವ ಪೀರಿಯಡ್, ಅದರ ಸಮಯದಲ್ಲೇ ಕೆಲಸ ಮುಗಿಸುತ್ತಿದ್ದೆ. ವಾರಕ್ಕೆ ಎರಡು-ಮೂರು ಮಧ್ಯಾಹ್ನ ಸ್ಟುಡಿಯೋ ಇರುತ್ತದೆ. ಅರ್ಧ ಕ್ಲಾಸು ಅದನ್ನು ಹರಟೆಗೆ ಅಂತಲೇ ತಿಳಿದಿರುತ್ತದೆ. ನಾನು ಇಯರ್‌ಫೋನ್ ಹಾಕಿಕೊಂಡು ಡ್ರಾಫ್ಟರ್ (ಬೋರ್ಡಿನ ಮೇಲೆ ಗೆರೆ ಎಳೆಯುವ ಸಾಧನ) ಹಿಡಿದು ಕೂರುತ್ತಿದ್ದೆ. "ಏನ್ ಮೇಡಂ, ಭಾರೀ ಸೀರಿಯಸ್ಸು" ಅಂತ ಕಿಚಾಯಿಸುತ್ತಿದ್ದರು. ಐದು ವರ್ಷದಲ್ಲಿ ಪೂರ್ತಿ ರಾತ್ರಿ ಎದ್ದಿದ್ದು ಬಹುಶಃ ಏಳೆಂಟು ಸಲ.

ಒಮ್ಮೆ ಹಾಗೆ ಎದ್ದ ಬೆಳಗ್ಗೆಯೇ ಕಟ್ಟರ್ ಜಾರಿ ಎಡಗೈ ತೋರುಬೆರಳು ಕೊಯ್ದುಕೊಂಡೆ. ನಾಲ್ಕು ಹೊಲಿಗೆ. ಫೋಮ್ ಬೋರ್ಡ್ ಮೇಲೆ ರಕ್ತ. ಅದೇ ಮಾಡೆಲ್ ಜ್ಯೂರಿಗೆ ಇಟ್ಟೆ, ಬೇರೆ ಮಾಡಲು ಸಮಯವಿರಲಿಲ್ಲ. ಹೊಸಬರೆಲ್ಲ ಕೇಳಿ: ಪ್ಲಾಸ್ಟಿಕ್ ಸ್ಕೇಲ್ ಆನಿಸಿ ಕತ್ತರಿಸಬೇಡಿ. ಸ್ಟೀಲ್ ಸ್ಕೇಲ್ ಕೊಳ್ಳಿ. ಬ್ಲೇಡು ಮೊಂಡಾದ ಕೂಡಲೇ ಮುರಿದು ಹೊಸದು ತಳ್ಳಿ. ಮೊಂಡು ಬ್ಲೇಡೇ ಕೈ ಕೊಯ್ಯುವುದು, ಜಾಸ್ತಿ ಒತ್ತುತ್ತೇವಲ್ಲ, ಅದಕ್ಕೆ.

ನೈಟ್‌ಔಟ್_ವೀರ

ಸರಿ ಅಕ್ಕ, ಒಪ್ಪಿದೆ. 52ರಲ್ಲಿ ಒಂದು ಹದಿನೈದು ಗಂಟೆ ಕೆಲಸ ಆಗಿರಬಹುದು. ಆದರೆ ಆ ಚಹಾ ಮರೆಯಲಾಗದು.

ಗೆಳೆಯ_ಇಂಜಿನಿಯರ್

ಹಾಸ್ಟೆಲ್ಲಿನಲ್ಲಿ ನನ್ನ ರೂಮ್‌ಮೇಟ್ ಆರ್ಕಿಟೆಕ್ಚರ್. ಹಾಸಿಗೆ ಮೇಲೆ ಮಾಡೆಲ್, ನೆಲದ ಮೇಲೆ ಅವನು. ಇಷ್ಟೇ ನನ್ನ ಸಾಕ್ಷಿ.

ಪಾಠ_ಮಾಡುವವರು

ನಾನು ಹದಿನಾಲ್ಕು ವರ್ಷದಿಂದ ಈ ವಿಷಯ ಕಲಿಸುತ್ತಿದ್ದೇನೆ. ಯಾವ ಕಾಲೇಜು ಅಂತ ಕೇಳಬೇಡಿ. ಜ್ಯೂರಿ ಬಗ್ಗೆ ಮೇಜಿನ ಈ ಕಡೆಯಿಂದ ಹೇಳುತ್ತೇನೆ.

ಜ್ಯೂರಿ ಅಂದರೆ ನೀವು ಮಾಡಿದ ಡಿಸೈನನ್ನು ಗೋಡೆಗೆ ಅಂಟಿಸಿ, ಮಾಡೆಲ್ ಮುಂದಿಟ್ಟು, ಎರಡು-ಮೂರು ಜನರ ಮುಂದೆ ವಿವರಿಸುವುದು. ಒಬ್ಬರು ನಿಮ್ಮ ಮೇಷ್ಟರು, ಇನ್ನೊಬ್ಬರು ಹೊರಗಿನಿಂದ ಬಂದ ಆರ್ಕಿಟೆಕ್ಟ್. ಹತ್ತು ನಿಮಿಷ ಸಿಕ್ಕರೆ ಪುಣ್ಯ. ಸಂಜೆ ಐದಕ್ಕೆ ನಿಮ್ಮ ಸರದಿ ಬಂದರೆ ನಾವೂ ದಣಿದಿರುತ್ತೇವೆ ಅನ್ನುವುದು ನೆನಪಿರಲಿ.

ಇಂಗ್ಲಿಷ್ ಬಗ್ಗೆ ಹೆದರುವವರೇ ಒಂದು ಅನುಕೂಲ ಮರೆಯುತ್ತಾರೆ. ನಾವು ಮೊದಲು ನೋಡುವುದು ಶೀಟನ್ನು, ಬಾಯಿಯನ್ನಲ್ಲ. ಉತ್ತರ ದಿಕ್ಕು ಗುರುತಿಸಿದ್ದೀರಾ? ಮೆಟ್ಟಿಲು ಲೆಕ್ಕ ಹಾಕಿದ್ದೀರಾ? ಒಂದು ಮೆಟ್ಟಿಲು 150 ಮಿ.ಮೀ. ಎತ್ತರ ಅಂತ ಹಿಡಿದರೆ 3 ಮೀಟರ್ ಮಹಡಿಗೆ 20 ಏರು ಬೇಕು. ಎಷ್ಟೋ ಮಕ್ಕಳು ಹನ್ನೆರಡೇ ಬರೆದು "ನೇಚರ್ ಜೊತೆ ಸಂವಾದ" ಅಂತ ಐದು ನಿಮಿಷ ಸೊಗಸಾದ ಇಂಗ್ಲಿಷ್‌ನಲ್ಲಿ ಹೇಳುತ್ತಾರೆ. ಆ ಮನೆಯಲ್ಲಿ ಮೇಲೆ ಹತ್ತಲು ಏಣಿ ಬೇಕಾಗುತ್ತದೆ. ನನಗೆ ಕನ್ನಡದಲ್ಲಿ "ಸರ್, ಇಲ್ಲಿ ಅಜ್ಜಿ ಕೂತು ಅವರೆಕಾಳು ಬಿಡಿಸ್ತಾರೆ, ಅದಕ್ಕೆ ಕಟ್ಟೆ ಹದಿನೆಂಟು ಇಂಚು ಮಾಡಿದೀನಿ" ಅಂದ ಹುಡುಗನ ಪ್ರಾಜೆಕ್ಟು ಇನ್ನೂ ಕಣ್ಣ ಮುಂದಿದೆ. ಹೊರಗಿನಿಂದ ಬಂದವರಿಗೆ ನಾನೇ ಇಂಗ್ಲಿಷ್‌ನಲ್ಲಿ ಹೇಳಿದೆ. ಎಲ್ಲ ಕಡೆ ಹೀಗೆ ಮಾಡುತ್ತಾರೆ ಅಂತ ಭರವಸೆ ಕೊಡಲಾರೆ. ಕೇಳಿ ನೋಡುವುದರಲ್ಲಿ ತಪ್ಪೇನಿಲ್ಲ.

ಚಿತ್ರಕಲೆ ಬಗ್ಗೆ ಎರಡೇ ಮಾತು. ಚಿತ್ರ ಚೆಂದವಾಗಿ ಬರೆಯುವವರಿಗೆ ಮೊದಲ ಸೆಮಿಸ್ಟರ್ ಸುಲಭ. ಮೂರನೆಯದರ ಹೊತ್ತಿಗೆ ವ್ಯತ್ಯಾಸ ಅಳಿಸಿಹೋಗುತ್ತದೆ.

ಅರ್ಧಕ್ಕೆ_ಬಿಟ್ಟವನು

ಮೇಷ್ಟರ ಮಾತು ಚೆನ್ನಾಗಿದೆ. ಎಲ್ಲರೂ ಅಂಥವರಲ್ಲ ಅಂತಲೂ ಈ ಹುಡುಗಿಗೆ ಗೊತ್ತಿರಲಿ.

ನನ್ನ ಎರಡನೇ ವರ್ಷದ ಜ್ಯೂರಿಯಲ್ಲಿ ಒಬ್ಬರು ನನ್ನ ಮಾಡೆಲ್‌ನ ಚಾವಣಿ ಕಿತ್ತು ಪಕ್ಕಕ್ಕೆ ಎಸೆದರು. "ಇದನ್ನು ಮಾಡಲು ಆರ್ಕಿಟೆಕ್ಚರ್ ಯಾಕೆ ಬೇಕಿತ್ತು" ಅಂದರು. ತಪ್ಪು ಏನು ಅಂತ ಹೇಳಲಿಲ್ಲ. ಮೂರು ವಾರದ ಕೆಲಸ. ಕ್ಲಾಸಿನವರೆಲ್ಲ ತಲೆ ತಗ್ಗಿಸಿದರು. ಇದನ್ನೇ "ನಮ್ಮ ಕಾಲದಲ್ಲಿ ಇನ್ನೂ ಜೋರಿತ್ತು" ಅಂತ ಹೆಮ್ಮೆಯಿಂದ ಹೇಳಿಕೊಳ್ಳುವ ಸೀನಿಯರ್‌ಗಳೂ ಇದ್ದರು. ನನಗೆ ಅದು ತಮಾಷೆ ಅನ್ನಿಸಲೇ ಇಲ್ಲ.

ಮೂರನೇ ವರ್ಷದಲ್ಲಿ ಬಿಟ್ಟೆ. ಆ ಒಂದು ಘಟನೆಯಿಂದ ಅಲ್ಲ. ನನಗೆ ಒಂದೇ ಕೆಲಸವನ್ನು ಆರು ಸಲ ತಿದ್ದುವ ತಾಳ್ಮೆ ಇರಲಿಲ್ಲ. ಕೆಳಗಿನ ಗೆರೆ ಕಾಣುವ ತೆಳು ಬಟರ್ ಪೇಪರ್ ಒಂದರ ಮೇಲೊಂದು ಇಟ್ಟು, ಬಾಗಿಲು ಅರ್ಧ ಅಡಿ ಆ ಕಡೆ, ಮತ್ತೆ ಈ ಕಡೆ. ಕೆಲವರು ಅದರಲ್ಲಿ ಊಟ ಮರೆಯುತ್ತಾರೆ. ನನಗೆ ತಲೆ ಕೆಡುತ್ತಿತ್ತು. ಈಗ ಲೆಕ್ಕಪತ್ರದ ಕೆಲಸ, ಆರಾಮಾಗಿದ್ದೇನೆ. ಮನೆಯವರಿಗೆ ಹೇಳಲು ಒಂದು ವರ್ಷ ತಡ ಮಾಡಿದ್ದೇ ನನ್ನ ದೊಡ್ಡ ತಪ್ಪು. ಆ ವರ್ಷದ ಫೀಸ್ ಅಪ್ಪ ಸುಮ್ನೆ ಕಟ್ಟಿದರು.

ಪಾಠ_ಮಾಡುವವರು

ಚಾವಣಿ ಕಿತ್ತವರ ಪರವಾಗಿ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಅಂಥವರ ಪಕ್ಕದಲ್ಲಿ ಕೂತು ನಾನೂ ಸುಮ್ಮನಿದ್ದ ದಿನಗಳಿವೆ.

ಶಿರಸಿ_ಅಮ್ಮ

ನನ್ನ ಮಗ ಈಗ ನಾಲ್ಕನೇ ವರ್ಷ. ತಾಯಂದಿರ ಕಡೆಯಿಂದ ಖರ್ಚಿನ ಲೆಕ್ಕ ಹೇಳುತ್ತೇನೆ, ಯಾರೂ ಹೇಳುವುದಿಲ್ಲ. ಫೀಸ್ ಒಂದೇ ಅಂದುಕೊಂಡಿದ್ದೆವು. ಶೀಟು, ಮೌಂಟ್ ಬೋರ್ಡ್, ಪ್ರಿಂಟು, ಮಾಡೆಲ್ ಸಾಮಾನು, ಪ್ರವಾಸ ಎಲ್ಲ ಬೇರೆ. ತಿಂಗಳಿಗೆ ಎರಡು-ಮೂರು ಸಾವಿರ ಹೀಗೇ ಕರಗುತ್ತದೆ. ಜ್ಯೂರಿ ತಿಂಗಳಲ್ಲಿ ಇನ್ನೂ ಜಾಸ್ತಿ. ಕೊನೆಕೊನೆಗೆ ಅವನೇ ದಾರಿ ಕಂಡುಕೊಂಡ. ಮದುವೆ ಕರೆಯೋಲೆ, ಬಟ್ಟೆ ಅಂಗಡಿಯ ರಟ್ಟಿನ ಡಬ್ಬಿ, ಊದಿನಕಡ್ಡಿಯ ಕಡ್ಡಿ, ಎಲ್ಲ ಮಾಡೆಲ್ ಆದವು. ನಮ್ಮನೆಗೆ ಬಂದ ಆಮಂತ್ರಣ ಪತ್ರಿಕೆಯಲ್ಲಿ ಮದುವೆ ದಿನಾಂಕ ನೋಡುವ ಮೊದಲೇ ಅದು ಗೋಡೆಯಾಗಿರುತ್ತಿತ್ತು.

ಮಗಳೇ, ಸೀನಿಯರ್‌ಗಳ ಹಳೇ ಡ್ರಾಫ್ಟರ್, ಬೋರ್ಡು ಕೇಳಿ ತೆಗೆದುಕೋ. ನಾಚಿಕೆ ಬೇಡ. ಹೊಸದಾಗಿ ಕೊಳ್ಳುವುದಿದ್ದರೆ ಅವೆನ್ಯೂ ರೋಡಿನಲ್ಲಿ ನಾಲ್ಕು ಅಂಗಡಿ ವಿಚಾರಿಸು.

ಥೀಸಿಸ್_ಬಾಕಿ

ಅಮ್ಮ ಹೇಳಿದ್ದು ನಿಜ. ಪ್ರಿಂಟಿನ ವಿಷಯ ಒಂದು ಸೇರಿಸುತ್ತೇನೆ: ಜ್ಯೂರಿ ಹಿಂದಿನ ರಾತ್ರಿ ಇಡೀ ಬ್ಯಾಚು ಒಂದೇ ಪ್ಲಾಟರ್ (ದೊಡ್ಡ ಹಾಳೆಯ ಪ್ರಿಂಟರ್) ಅಂಗಡಿ ಮುಂದೆ ನಿಂತಿರುತ್ತದೆ. ಎರಡು ದಿನ ಮುಂಚೆ ಒಂದು ಶೀಟಾದರೂ ಮುಗಿಸಿ ತೆಗೆಸಿಡು.

ಬಂಡೆಗಲ್ಲು

ಇಷ್ಟು ಹೊತ್ತು ಎಲ್ಲರೂ ಕಷ್ಟವನ್ನೇ ಹೇಳಿದಿರಿ. ಪ್ರವಾಸದ ಮಾತು ಯಾರೂ ಎತ್ತಲಿಲ್ಲವಲ್ಲ!

ನಮ್ಮನ್ನು ಎರಡನೇ ವರ್ಷದಲ್ಲಿ ಐಹೊಳೆಗೆ ಕರೆದುಕೊಂಡು ಹೋಗಿದ್ದರು. ಅಳತೆ ತೆಗೆದು ಡ್ರಾಯಿಂಗ್ ಮಾಡುವ ಕೆಲಸ. ಪುರಾತತ್ವ ಇಲಾಖೆಯ ಅನುಮತಿ ಪತ್ರ, ಟೇಪು, ನೂಲು, ತೂಗುಗುಂಡು, ಆರು ಜನರ ಗುಂಪು. ನಮ್ಮ ಪಾಲಿಗೆ ಬಂದಿದ್ದು ದುರ್ಗ ಗುಡಿ. ಚಾಲುಕ್ಯರ ಕಾಲದ್ದು. ದುರ್ಗಾದೇವಿಯ ಗುಡಿ ಅಂದುಕೊಂಡಿದ್ದೆ. ಅಲ್ಲವಂತೆ. ದುರ್ಗ ಅಂದರೆ ಕೋಟೆ, ಅದರಿಂದ ಆ ಹೆಸರು. ಬೇರೆ ಗುಂಪಿನವರಿಗೆ ಚೌಕಾಕಾರದ ಗುಡಿಗಳು ಸಿಕ್ಕಿ ಮಧ್ಯಾಹ್ನಕ್ಕೆ ಮುಗಿಸಿ ನೆರಳಲ್ಲಿ ಕೂತರು. ನಮ್ಮದರ ಹಿಂಬದಿ ಆನೆಯ ಬೆನ್ನಿನಂತೆ ಗುಂಡಗೆ. ಗಜಪೃಷ್ಠ ಅಂತಾರೆ. ಗುಂಡಗಿರುವುದನ್ನು ನೆಟ್ಟಗಿನ ಟೇಪಿನಲ್ಲಿ ಅಳೆಯುವುದು ಹೇಗೆ?

ಮೇಷ್ಟರು ಹೇಳಿಕೊಡಲಿಲ್ಲ. "ಯೋಚಿಸಿ" ಅಂತ ಎಳನೀರು ಕುಡಿಯಲು ಹೋದರು. ಮೊದಲು ಟೇಪನ್ನು ಕಲ್ಲಿಗೆ ಸುತ್ತಿಸಿದೆವು. ಉದ್ದ ಸಿಕ್ಕಿತು, ಆಕಾರ ಸಿಗಲಿಲ್ಲ. ಕೊನೆಗೆ ಹೊರಗೆ ನೆಲದ ಮೇಲೆ ಒಂದು ನೇರ ನೂಲು ಎಳೆದೆವು. ಆ ನೂಲಿನ ಮೇಲೆ ಅರ್ಧ ಮೀಟರಿಗೊಂದು ಗುರುತು. ಪ್ರತಿ ಗುರುತಿನಿಂದ ಕಲ್ಲಿಗೆ ಎಷ್ಟು ದೂರ ಅಂತ ಬರೆದುಕೊಂಡೆವು. ಬಿಸಿಲಿಗೆ ಕಲ್ಲು ಕಾದು ಕೈ ಇಡುವಂತಿರಲಿಲ್ಲ. ಸಂಜೆ ಲಾಡ್ಜಿನ ನೆಲದ ಮೇಲೆ ಹಾಳೆ ಹಾಸಿ ಬರೆದರೆ ಎಡದಿಂದ ಬಂದ ಗೆರೆ, ಬಲದಿಂದ ಬಂದ ಗೆರೆ ಒಂದಕ್ಕೊಂದು ಸೇರಲೇ ಇಲ್ಲ. 18 ಸೆಂ.ಮೀ. ತಪ್ಪು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಕಟ್ಟಿದವರದು ತಪ್ಪಿರಬಹುದಾ ಅಂತ ಒಬ್ಬ ಕೇಳಿದ. ಯಾರೂ ನಗಲಿಲ್ಲ, ಅಷ್ಟು ಸುಸ್ತು. ಮರುದಿನ ಬೆಳಗ್ಗೆ ಹೋಗಿ ನೋಡಿದರೆ ನೂಲು ನಡುವೆ ಒಂದು ಕಲ್ಲಿಗೆ ತಾಗಿ ಸೊಟ್ಟಗಾಗಿತ್ತು. ತಪ್ಪು ನಮ್ಮದೇ.

ಆ ಗುಡಿಯ ಸುತ್ತಿನ ಕಂಬದ ಪಡಸಾಲೆಯಲ್ಲಿ ಎರಡು ದಿನ ಕೂತು ಎದ್ದು ಮಲಗಿ ಅಳೆದೆನಲ್ಲ, ಬೆಳಕು ಯಾವ ಹೊತ್ತಿಗೆ ಯಾವ ಕಂಬದ ಮೇಲೆ ಬೀಳುತ್ತದೆ ಅಂತ ಇವತ್ತೂ ಹೇಳಬಲ್ಲೆ. ಪುಸ್ತಕದಲ್ಲಿ ಅದೇ ಗುಡಿಗೆ ಅರ್ಧ ಪುಟ ಇತ್ತು.

ಬೆಂಗಳೂರಿಗೆ ಬಂದ ಮೇಲೆ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡುವ ಅವಕಾಶ ಸಿಕ್ಕರೆ ಬಿಡಬೇಡ. ಬಿ.ವಿ. ದೋಶಿ ಮಾಡಿದ್ದು. 2018ರಲ್ಲಿ ಆರ್ಕಿಟೆಕ್ಚರ್‌ನ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತಲ್ಲ, ಆ ದೋಶಿ. ಅಲ್ಲಿ ಕ್ಲಾಸುಗಳಿಗಿಂತ ಓಡಾಡುವ ಜಾಗವೇ ಚೆಂದ. ಒರಟು ಕಲ್ಲಿನ ಗೋಡೆ, ಮೇಲೆ ತೆರೆದ ಜಂತೆಗಳು, ಬಳ್ಳಿ, ನೆಲದ ಮೇಲೆ ನೆರಳಿನ ಪಟ್ಟೆ. ಒಳಗೆ ಬಿಡಲು ಅನುಮತಿ ಬೇಕು, ಕಾಲೇಜಿನಿಂದ ಹೋದರೆ ಸುಲಭ.

ಆರೂಕಾಲರ_ಬಸ್ಸು

ಒಂದು ಕಹಿ ಮಾತು ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹೇಳಲಿಲ್ಲ ಅನ್ನಬೇಡ. ಐದು ವರ್ಷದ ನಡುವೆ ಒಂದು ಸೆಮಿಸ್ಟರ್ ಆಫೀಸಿನಲ್ಲಿ ಟ್ರೇನಿಂಗ್ ಇರುತ್ತದೆ. ಕೆಲವು ಆಫೀಸುಗಳು ಸ್ಟೈಪೆಂಡ್ ಅಂತ ಬಸ್ ಪಾಸಿಗೂ ಸಾಲದಷ್ಟು ಕೊಡುತ್ತವೆ, ಕೆಲವು ಅದನ್ನೂ ಕೊಡುವುದಿಲ್ಲ. ಓದು ಮುಗಿದ ಮೇಲೂ ಮೊದಲ ಎರಡು ವರ್ಷ ಸಂಬಳ ಕಡಿಮೆ. ಕಂಪ್ಯೂಟರ್ ಸೈನ್ಸ್ ಓದಿದ ಪಕ್ಕದ ಮನೆ ಹುಡುಗನ ಜೊತೆ ಹೋಲಿಸಿದರೆ ಅಳು ಬರುತ್ತದೆ. ನಾನು ಈಗ ಮಣ್ಣಿನ ಇಟ್ಟಿಗೆಯ ಮನೆ ಕಟ್ಟುವ ಸಣ್ಣ ಆಫೀಸಿನಲ್ಲಿದ್ದೇನೆ. ಸೈಟಿನ ಮಣ್ಣನ್ನೇ ಜರಡಿ ಹಿಡಿದು, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಇಟ್ಟಿಗೆ ಮಾಡುತ್ತೇವೆ. ಈ ವಿದ್ಯೆ ನಮ್ಮಲ್ಲಿ ಬೆಳೆದದ್ದು ಐಐಎಸ್ಸಿಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನುವ ಕೇಂದ್ರದಿಂದ. ಕೆಲಸ ಇಷ್ಟ. ತಿಂಗಳ ಕೊನೆ ಇಷ್ಟವಿಲ್ಲ.

ಹಾವೇರಿ_ಹೊಸಬಳು

ಎಲ್ಲರಿಗೂ ಥ್ಯಾಂಕ್ಸ್. ಎರಡೆರಡು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಲ್ಯಾಪ್‌ಟಾಪ್ ಸದ್ಯಕ್ಕೆ ಬೇಡ ಅಂತಾಯಿತು. ಅಪ್ಪ ಅವತ್ತು ನೆಮ್ಮದಿಯಾಗಿ ಊಟ ಮಾಡಿದರು. ಅರ್ಧಕ್ಕೆ ಬಿಟ್ಟ ಅಣ್ಣನ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲ್ಲ ಅನ್ನಿಸಿದರೆ ಮೊದಲು ನನಗೇ ಹೇಳು" ಅಂದರು.

ಕಾಲೇಜು ಶುರುವಾಗಲು ಇನ್ನೂ ಮೂರು ವಾರ ಇದೆ. ಅಲ್ಲಿವರೆಗೆ ಏನಾದರೂ ಮಾಡಲಾ?

ಮೇಸ್ತ್ರಿ_ಮಗ

ಅಜ್ಜಿ ಮನೆ ಇದ್ದರೆ ಅಳೆ. ಟೇಪು, ಚೌಕುಳಿ ಪುಸ್ತಕ ಸಾಕು. ಒಂದು ಅಡಿಗೆ ಒಂದು ಚೌಕ.

ಹಾವೇರಿ_ಹೊಸಬಳು

ಮೂರು ದಿನದಿಂದ ಅಳೆಯುತ್ತಿದ್ದೇನೆ ಅಣ್ಣ. ಒಂಬತ್ತು ಅಂಕಣ. ಮುಂಭಾಗದಲ್ಲಿ ದನ ಕಟ್ಟುವ ಜಾಗ, ಅದಕ್ಕಿಂತ ಒಂದೂವರೆ ಅಡಿ ಮೇಲೆ ಪಡಸಾಲೆ, ಹಿಂದೆ ಅಡುಗೆಮನೆ. ಅಡುಗೆಮನೆಗೆ ಕಿಟಕಿಯೇ ಇಲ್ಲ, ಮೇಲೆ ಒಂದು ಬೆಳಕಿಂಡಿ ಅಷ್ಟೇ. ಇಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ ನಾನು. ಬೆಳಗ್ಗೆ ಹತ್ತರ ಹೊತ್ತಿಗೆ ಬಿಸಿಲು ಸರಿಯಾಗಿ ಒಲೆಯ ಮೇಲೆ ಬೀಳುತ್ತದೆ.

ಒಂದು ಡೌಟು. ನಡುಮನೆ ಬಾಗಿಲು 5 ಅಡಿ 1 ಇಂಚು. ಹೊಸ್ತಿಲು 7 ಇಂಚು. ಬಾಗಿಲ ಎತ್ತರ ಅಂದರೆ ಹೊಸ್ತಿಲ ಮೇಲಿನಿಂದ ಬರೆಯಬೇಕಾ, ನೆಲದಿಂದಲಾ?

ಪಾಠ_ಮಾಡುವವರು

ಎರಡನ್ನೂ ಬರೆದುಕೊಳ್ಳಮ್ಮ. ಹೊಸ್ತಿಲ ಆಚೆ ಈಚೆ ನೆಲ ಒಂದೇ ಮಟ್ಟದಲ್ಲಿದೆಯಾ, ನೋಡಿದೆಯಾ?

ಹಾವೇರಿ_ಹೊಸಬಳು

ಇಲ್ಲ ಸರ್. ಈಗ ಹೋಗಿ ಒಂದು ಚೊಂಬು ನೀರು ಚೆಲ್ಲಿ ನೋಡಿದೆ. ಪಡಸಾಲೆ ದನದ ಕಡೆಗೆ ಇಳಿಜಾರು. ನಡುಮನೆ ಹಿತ್ತಲ ಕಡೆಗೆ. ಅಜ್ಜಿ ಬೈಯುತ್ತಿದ್ದಾರೆ.

ಮೇಸ್ತ್ರಿ_ಮಗ

ಇಳಿಜಾರು ಎಷ್ಟು ಇಂಚು ಅಂತ ನೀರು ಚೆಲ್ಲಿದರೆ ಗೊತ್ತಾಗಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಪಾರದರ್ಶಕ ಪೈಪು ಹತ್ತು ಮೀಟರ್ ತಗೋ. ನೀರು ತುಂಬಿಸು, ಒಳಗೆ ಗಾಳಿಗುಳ್ಳೆ ಉಳಿಯಬಾರದು. ಒಂದು ತುದಿ ನೀನು ಹಿಡಿ, ಇನ್ನೊಂದು ತುದಿ ಅಜ್ಜಿ ಕೈಗೆ ಕೊಡು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಂದ ನೆಲಕ್ಕೆ ಅಳೆ. ಬೈಯುವುದು ನಿಲ್ಲುತ್ತದೆ.